ಪಟ್ಟದ ರಾಣಿಯೂ ಕೊಲ್ಲುವ ಗೊಂಬೆಯೂ

ಕೊಲ್ಲುವ ಗೊಂಬೆಗಳ ಸಿನಿಮಾಗಳನ್ನು ನಾನು ನೋಡಲು ಕುಳಿತದ್ದು ಅವುಗಳನ್ನು ವಿರೋಧಿಸುವುದಕ್ಕಾಗಿ. ನೋಡದ ಸಿನಿಮಾವನ್ನು, ಓದದ ಪುಸ್ತಕವನ್ನು ಖಂಡಿಸಬಾರದೆಂಬುದು ನಾನು ಕಲಿತ ಶಾಲೆಯ ನಿಯಮವಾಗಿತ್ತು. ಆ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕಿನ ಪಟ್ಟಿಯಿರಲಿಲ್ಲ. ಮಧ್ಯಾಹ್ನ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದೆವು. ತಪ್ಪು ಕಂಡಾಗ ಅದನ್ನು ಹೆಸರಿಟ್ಟು ಕರೆಯಬೇಕು, ಹೆಸರಿಲ್ಲದ ತಪ್ಪು ಬೆಳೆಯುತ್ತ ಹೋಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಮುಂದೆ ಶಿವಮೊಗ್ಗದಲ್ಲಿ ನಾನೂ ಪಾಠ ಹೇಳುವವಳಾದೆ, ನಾಲ್ಕಾರು ಗೆಳತಿಯರೊಡನೆ ಮಕ್ಕಳ ಹಕ್ಕುಗಳ ಒಂದು ಸಣ್ಣ ಬಳಗ ಕಟ್ಟಿದೆ. ಇಂದಿಗೂ ಆ ಮಾತನ್ನು ಬಿಟ್ಟವಳಲ್ಲ. ಆ ಮಾತನ್ನು ನಾನು ಎಲ್ಲಿ ಕೆಡಿಸಿದೆ ಎಂಬುದನ್ನು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮನೆ ಭದ್ರಾವತಿಯ ಕಾಗದನಗರದಲ್ಲಿ. ಅಲ್ಲಿನ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಎಷ್ಟೋ ಕಾಲವಾಗಿದ್ದರೂ ಕೆಲವು ಕುಟುಂಬಗಳು ಕ್ವಾರ್ಟರ್ಸ್‌ನಲ್ಲೇ ಉಳಿದಿದ್ದವು. ತಂಗಿಯ ಗಂಡ ದಿನವೂ ಶಿವಮೊಗ್ಗದ ಒಂದು ಗೋದಾಮಿಗೆ ಕೆಲಸಕ್ಕೆ ಬಂದು ಹೋಗುತ್ತಿದ್ದ. ಮನೆಯಲ್ಲಿ ನಾಲ್ಕು ಜನ: ಗಂಡ ಹೆಂಡತಿ, ಏಳನೆಯ ತರಗತಿಯ ಮಗಳು, ಮತ್ತು ತಂಗಿಯ ಅತ್ತೆ. ಅತ್ತೆಯನ್ನು ನಾವೆಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದೆವು. ಅವರ ಗಂಡ ತೀರಿಕೊಂಡು ಆಗ ಎರಡು ವರ್ಷ.

ಆ ಮನೆಯಲ್ಲಿ ಭಾನುವಾರದ ಮಧ್ಯಾಹ್ನವೆಂದರೆ ಗೊಂಬೆಯ ಸಿನಿಮಾ. ಊಟವಾದ ಮೇಲೆ ತಂಗಿ, ಅವಳ ಗಂಡ ಒಳಗೆ ಮಲಗುತ್ತಿದ್ದರು. ಅಜ್ಜಿ ಮತ್ತು ಮೊಮ್ಮಗಳು ಮುಂದಿನ ಹಾಲಿನಲ್ಲಿ ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿ, ಮೊಬೈಲಿನಿಂದ ಟಿ.ವಿ.ಗೆ ಸಿನಿಮಾ ಹಾಕಿಕೊಂಡು ಕೂರುತ್ತಿದ್ದರು. ಹುಡುಗಿ ಮಂಡಕ್ಕಿಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಅಜ್ಜಿಯ ಕಿವಿಗೆ ಬಾಯಿ ಹತ್ತಿರ ತಂದು, ಪರದೆಯ ಮೇಲಿನದನ್ನೆಲ್ಲ ಪಿಸುಗುಟ್ಟುತ್ತಿದ್ದಳು. ಡಬ್ಬಿಂಗ್ ಆದ ಭಾಷೆ ಅಜ್ಜಿಗೆ ತಿಳಿಯುವುದಿಲ್ಲ, ಅದಕ್ಕೇ ಹೀಗೆ ಎಂದುಕೊಂಡು ನಾನು ಹಿಂದಿನ ಕುರ್ಚಿಯಲ್ಲಿ ಕುಳಿತೆ.

ನಾನು ನೋಡಿದ ಮೊದಲನೆಯದರಲ್ಲಿ ಒಂದು ಕುಟುಂಬ ಹಳೆಯ ಮನೆಗೆ ಬಾಡಿಗೆಗೆ ಬರುತ್ತದೆ. ಅಟ್ಟದ ಮೇಲೊಂದು ಗೊಂಬೆ ಸಿಗುತ್ತದೆ. ಚಿಕ್ಕ ಹುಡುಗಿ ಅದನ್ನು ಹಾಸಿಗೆಗೆ ಒಯ್ಯುತ್ತಾಳೆ. ಎರಡನೆಯದರಲ್ಲಿಯೂ ಹಾಗೆಯೇ, ಅಟ್ಟದ ಬದಲು ನೆಲಮಾಳಿಗೆ. ತಪ್ಪುಗಳನ್ನು ಹುಡುಕಲು ನಾನು ಹೆಚ್ಚು ಶ್ರಮ ಪಡಬೇಕಾಗಲಿಲ್ಲ. ಮನೆಗೆಲಸದ ಹೆಂಗಸು ಯಾವಾಗಲೂ ಮೊದಲು ಸಾಯುತ್ತಾಳೆ. ಅವಳಿಗಾಗಿ ಯಾರೂ ಅಳುವುದಿಲ್ಲ. ಗೊಂಬೆಯಲ್ಲಿ ಕೇಡು ಸೇರಿಕೊಂಡದ್ದು ಯಾವುದೋ ಕಾಡಿನ ಜನರ ಮಂತ್ರದಿಂದಲೋ ಹುಚ್ಚು ಹಿಡಿದ ಹೆಂಗಸಿನಿಂದಲೋ ಆಗಿರುತ್ತದೆ. ಮನಸ್ಸಿನ ಕಾಯಿಲೆಯವರಿಗೂ ಬುಡಕಟ್ಟಿನವರಿಗೂ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಮಕ್ಕಳಿಗೆ ಭಯವನ್ನು ಮಾರಿ, ಆ ಭಯಕ್ಕೇ ಎರಡನೆಯ ಭಾಗ, ಮೂರನೆಯ ಭಾಗ ಎಂದು ಮತ್ತೆ ಟಿಕೆಟ್ ಮಾರುವ ಈ ವ್ಯಾಪಾರ ನನಗೆ ಅಸಹ್ಯವೆನಿಸಿತು. ಈ ಯಾವ ಮಾತನ್ನೂ ನಾನು ಇಂದು ಹಿಂತೆಗೆದುಕೊಳ್ಳುವುದಿಲ್ಲ.

ನನ್ನ ಮುಂದೆ ಕುಳಿತಿದ್ದ ಇಬ್ಬರಿಗೆ ಮಾತ್ರ ಅಸಹ್ಯವೇನೂ ಇರಲಿಲ್ಲ.

"ಈಗೆಲ್ಲಿದೆ ಅದು?" ಎಂದು ಅಜ್ಜಿ ಕೇಳುತ್ತಿದ್ದರು.

"ಕಪಾಟಿನ ಮೇಲೆ ಕೂರಿಸಿದಾರೆ ಅಜ್ಜಿ. ಮುಖ ಗೋಡೆ ಕಡೆ ತಿರುಗ್ಸಿ."

"ಹಂಗೆ ಮೂಲೆಗೆ ಕೂರಿಸಿದ್ರೆ ಸುಮ್ನಿರುತ್ತಾ? ಈಗ ಎದ್ದು ಬರುತ್ತೆ ನೋಡು."

"ಬಂತು! ಬಂತು ಅಜ್ಜಿ! ಕತ್ತು ತಿರುಗಿಸ್ತು!"

"ತಿರುಗಿಸ್ಲಿ, ತಿರುಗಿಸ್ಲಿ," ಎಂದು ಅಜ್ಜಿ ಮಂಡಕ್ಕಿಗೆ ಕೈ ಹಾಕಿದರು. "ಒಂದು ಲೋಟ ಹಾಲಿಟ್ಟು, ಚೆನ್ನಾಗಿದೀಯೇನೇ ಅಂತ ಕೇಳಿದ್ರೆ ಮುಗೀತಿತ್ತು. ಇವ್ರಿಗೆ ಅಷ್ಟೂ ಮರ್ಯಾದೆ ಗೊತ್ತಿಲ್ಲ." ಆಮೇಲೆ ನನ್ನತ್ತ ತಿರುಗಿ, "ಏನ್ ಟೀಚರಮ್ಮ, ಎಷ್ಟು ತಪ್ಪು ಸಿಕ್ಕಿದ್ವು?" ಎಂದು ನಕ್ಕರು.

"ಬೇಕಾದಷ್ಟಿವೆ ಅಜ್ಜಿ," ಎಂದೆ.

"ನಿಮ್ಗೆ ಸಿಕ್ಕೇ ಸಿಗ್ತಾವೆ ಬಿಡಿ."

ಸಿನಿಮಾ ಮುಗಿದ ಮೇಲೆ ಹುಡುಗಿ ಜಗುಲಿಯ ಮೆಟ್ಟಿಲ ಮೇಲೆ ಕುಳಿತು ಅಕ್ಕಪಕ್ಕದ ಕ್ವಾರ್ಟರ್ಸ್‌ನ ಮಕ್ಕಳಿಗೆ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ಅವಳು ಹೇಳುವ ರೀತಿ ಚೆನ್ನಾಗಿತ್ತೆಂದು ನಾನು ಒಪ್ಪಬೇಕು. ಗೊಂಬೆಯ ಕಣ್ಣು ತೆರೆಯುವ ಜಾಗದಲ್ಲಿ ಧ್ವನಿಯನ್ನು ತಗ್ಗಿಸಿ, ಮಕ್ಕಳೆಲ್ಲ ಮುಂದಕ್ಕೆ ಬಾಗಿದಾಗ ಒಮ್ಮೆಲೇ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ಸಲ ಪಕ್ಕದ ಮನೆಯ ತಮಿಳು ಕುಟುಂಬದ ಪುಟ್ಟ ಹುಡುಗಿ ಹೆದರಿ ಅಳುತ್ತ ಓಡಿತು. ಅದರ ತಾಯಿ ಬಂದು ತಂಗಿಯ ಮುಂದೆ ಮುಖ ಗಂಟು ಹಾಕಿಕೊಂಡು ಹೋದಳು. ಈ ಸಿನಿಮಾಗಳಲ್ಲಿ ನಿನಗೆ ಏನು ಇಷ್ಟ ಎಂದು ನಾನು ಹುಡುಗಿಯನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಗೊಂಬೆ ಮಾಡಿದ್ದು ಅಂತ ಆ ಹುಡುಗಿ ಹೇಳ್ತಾನೇ ಇರ್ತಾಳೆ ದೊಡ್ಡಮ್ಮ, ಯಾರೂ ನಂಬಲ್ಲ. ಇಂಟರ್ವಲ್ ಆದ್ಮೇಲೆ ಎಲ್ರೂ ನಂಬಲೇಬೇಕಾಗುತ್ತೆ. ಅದು," ಎಂದಳು.

ಮಗುವಿನ ಸರಳ ಉತ್ತರವೆಂದು ನಾನದನ್ನು ಅಲ್ಲಿಗೇ ಬಿಟ್ಟೆ.

ಆ ವರ್ಷದ ನವರಾತ್ರಿ ಬಂತು. ತಂಗಿಯ ಮನೆಯಲ್ಲಿ ಗೊಂಬೆ ಕೂರಿಸುವುದು ಅಜ್ಜಿಯ ತವರಿನಿಂದ ಬಂದ ಪದ್ಧತಿ. ಅವರ ಮದುವೆಯಲ್ಲಿ ತವರಿನವರು ರಕ್ತಚಂದನದ ಎರಡು ಪಟ್ಟದ ಗೊಂಬೆಗಳನ್ನು ಕೊಟ್ಟಿದ್ದರು, ಒಂದು ರಾಜ, ಒಂದು ರಾಣಿ. ವರ್ಷವಿಡೀ ಅವು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿರುತ್ತವೆ. ಹಬ್ಬದ ಮೊದಲ ದಿನ ಹೊರಗೆ ಬಂದು, ಜರಿಯ ಬಟ್ಟೆ ಉಟ್ಟು, ಮೇಲಿನ ಮೆಟ್ಟಿಲ ಮೇಲೆ ಕೂರುತ್ತವೆ. ಕೂರಿಸುವ ಮೊದಲು ರಾಣಿಗೆ ಕಾಡಿಗೆಯಿಂದ ಕಣ್ಣು ತಿದ್ದಬೇಕು. ಮಾಸಿದ ಕಣ್ಣಿನ ರಾಣಿಗೆ ಆರತಿ ಎತ್ತಬಾರದು ಎಂದು ಆ ಮನೆಯ ನಂಬಿಕೆ. ಸಂಜೆ ಮಕ್ಕಳು ಗುಂಪು ಕಟ್ಟಿಕೊಂಡು "ಗೊಂಬೆ ಕೂರಿಸಿದೀರಾ?" ಎಂದು ಮನೆಮನೆಗೆ ಹೋಗುತ್ತಾರೆ, ಹಾಡು ಹೇಳಿ, ಗೊಂಬೆ ಬಾಗಿನವೆಂದು ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಪಡೆದು ಮುಂದಿನ ಮನೆಗೆ ಓಡುತ್ತಾರೆ. ಐವತ್ತು ವರ್ಷ ರಾಣಿಯ ಕಣ್ಣನ್ನು ತಿದ್ದಿದವರು ಅಜ್ಜಿ. ಅವರ ಗಂಡ ತೀರಿಕೊಂಡ ವರ್ಷದಿಂದ ಆ ಕೆಲಸ ತಂಗಿಗೆ ಬಂದಿತ್ತು. ಹೇಗೆ ಬಂತು, ಯಾರು ಹೇಳಿದರು ಎಂದು ನಾನು ಎಂದೂ ವಿಚಾರಿಸಿರಲಿಲ್ಲ.

ನವರಾತ್ರಿಯ ಎರಡನೆಯ ಬೆಳಿಗ್ಗೆ ತಂಗಿಯ ಫೋನು ಬಂತು.

"ಅಕ್ಕ, ಬೇಗ ಬಾ. ಇವಳು ಪಟ್ಟದ ರಾಣಿ ಕತ್ತು ಮುರಿದು ಹಾಕಿದಾಳೆ. ಇವ್ರು ಕೈ ಎತ್ತಿದ್ರು, ತಡೆದಿಟ್ಟಿದೀನಿ."

ನಾನು ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ ಬಂದೆ, ಅಲ್ಲಿಂದ ಆಟೋದಲ್ಲಿ ಕಾಗದನಗರಕ್ಕೆ. ಹಾಲಿನಲ್ಲಿ ಯಾರೂ ಏನನ್ನೂ ಮುಟ್ಟಿರಲಿಲ್ಲ. ರಾಜ ಒಬ್ಬನೇ ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದ. ರಾಣಿ ಕೆಳಗೆ ಸಿಮೆಂಟಿನ ನೆಲದ ಮೇಲೆ ಬಿದ್ದಿದ್ದಳು, ತಲೆ ಬೇರೆ, ಮೈ ಬೇರೆ. ಎರಡೂ ಕಣ್ಣುಗಳ ಮೇಲೆ ಕಾಡಿಗೆ ದಪ್ಪಗೆ ಮೆತ್ತಿಕೊಂಡಿತ್ತು. ಅದು ಕೆನ್ನೆಯವರೆಗೂ ಇಳಿದಿತ್ತು. ಭಾನುವಾರದ ಪರದೆಯ ಮೇಲೆ ನಾನು ಕಂಡಿದ್ದ ಮುಖವೇ ಅದು. ಯಾರಿಗಾದರೂ ಬೇರೆ ಏನು ತೋಚೀತು? ಅಜ್ಜಿ ಗೋಡೆಗೆ ಒರಗಿ ಕುಳಿತು ಒಂದು ಮಾತನ್ನೂ ಆಡಲಿಲ್ಲ. ಹುಡುಗಿ ಬಾಗಿಲ ಮೂಲೆಯಲ್ಲಿ ನಿಂತಿದ್ದಳು.

"ಮನೆ ಯಜಮಾನಿ ಇದ್ದಂಗೆ ಆ ರಾಣಿ. ಹಬ್ಬದಲ್ಲಿ ತಲೆ ಕೆಳಗೆ ಬಿತ್ತಲ್ಲೇ," ಎಂದು ತಂಗಿ ಅಳುತ್ತಿದ್ದಳು. "ಒಪ್ಕೋ ಅಂದ್ರೂ ಒಪ್ಕೊಳ್ತಿಲ್ಲ."

"ನಾನು ಮುಟ್ಟಿಲ್ಲ," ಎಂದಳು ಹುಡುಗಿ.

"ಮುಟ್ಟಿಲ್ವಂತೆ! ಹಂಗಾದ್ರೆ ಅದೇ ಎದ್ದು ಕಾಡಿಗೆ ಹಚ್ಕೊಂಡು ಬಿತ್ತಾ? ನಿನ್ನ ಸಿನಿಮಾದಲ್ಲಿ ಆಗ್ತದಲ್ಲ, ಹಂಗೆ?" ಎಂದ ಅವಳ ತಂದೆ.

ನಾನು ಅವನ ಮತ್ತು ಮಗುವಿನ ನಡುವೆ ಹೋಗಿ ನಿಂತೆ. ಮಕ್ಕಳ ಮೇಲೆ ಕೈ ಮಾಡುವುದು ಅಪರಾಧ ಎಂದೆ. ತಪ್ಪು ಈ ಮಗುವಿನದಲ್ಲ, ಮಗುವಿನ ಕಣ್ಣ ಮುಂದೆ ವಾರ ವಾರವೂ ಕೊಲೆಯನ್ನು ತಂದಿಟ್ಟವರದು. ಅದನ್ನು ನೋಡಗೊಟ್ಟ ದೊಡ್ಡವರದು ಎಂದೆ. ಹುಡುಗಿಯ ಎದುರು ನೆಲದ ಮೇಲೆ ಕುಳಿತು, ನಮ್ಮ ಶಾಲೆಯಲ್ಲಿ ಕಲಿತಂತೆ ಅವಳ ಕಣ್ಣಿಗೆ ಸರಿಯಾಗಿ ನನ್ನ ಕಣ್ಣು ತಂದು, ಮೃದುವಾಗಿ ಕೇಳಿದೆ: "ಹೆದರ್ಬೇಡ ಪುಟ್ಟ. ನಾನು ಬೈಯಲ್ಲ. ಯಾಕೆ ಹಾಗ್ ಮಾಡ್ದೆ, ಹೇಳು."

ಅವಳು ನನ್ನ ಮುಖವನ್ನೇ ನೋಡಿದಳು. ಅನಂತರ ಏನನ್ನೂ ಹೇಳಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಆ ದಿನವೇ ಮೊಬೈಲಿನಿಂದ ಸಿನಿಮಾಗಳೆಲ್ಲ ಅಳಿಸಿಹೋದವು. ಭಾನುವಾರದ ಮಧ್ಯಾಹ್ನಗಳು ನಿಂತವು. ದಸರೆಯ ರಜೆ ಮುಗಿದ ಮೇಲೆ, ಅವಳ ಶಾಲೆಯ ಮುಖ್ಯ ಶಿಕ್ಷಕಿ ನನಗೆ ಪರಿಚಯದವರಾದ್ದರಿಂದ, ಬೆಳಗಿನ ಪ್ರಾರ್ಥನೆಯ ವೇಳೆ ಮಕ್ಕಳೊಡನೆ ಮಾತಾಡಲು ಅನುಮತಿ ಕೇಳಿದೆ. ಭಯವನ್ನು ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ ಎಂಬುದು ವಿಷಯ. ನನ್ನ ಮಾತು ಮಕ್ಕಳಿಗೆ ಹಿಡಿಸಲೆಂದು ಒಂದು ಉದಾಹರಣೆ ಕೊಟ್ಟೆ: ಒಂದು ಒಳ್ಳೆಯ ಹುಡುಗಿ, ಇಂಥ ಸಿನಿಮಾಗಳನ್ನು ನೋಡಿ ನೋಡಿ, ಹಬ್ಬದ ಗೊಂಬೆಯ ಕಣ್ಣಿಗೆ ಮಸಿ ಬಳಿದು ಕತ್ತು ಮುರಿದಳು, ಅವಳನ್ನು ನಾವು ದೂಷಿಸಬಾರದು, ಅರ್ಥ ಮಾಡಿಕೊಳ್ಳಬೇಕು. ಹೆಸರು ಹೇಳಲಿಲ್ಲ. ಹೆಸರು ಹೇಳಬೇಕಾಗಿಯೂ ಇರಲಿಲ್ಲ. ಕಾಗದನಗರದ ಅರ್ಧ ಮಕ್ಕಳು ಆ ಸಾಲುಗಳಲ್ಲಿದ್ದರು. ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು. ನಾನು ವೇದಿಕೆಯ ಮೇಲಿಂದ ಅದನ್ನು ಕಂಡೆ, ಕಂಡೂ ವಾಕ್ಯವನ್ನು ಪೂರ್ಣಗೊಳಿಸಿದೆ.

ಮುಂದಿನ ವಾರಗಳ ಸುದ್ದಿ ತಂಗಿಯ ಫೋನಿನಲ್ಲಿ ಚೂರು ಚೂರಾಗಿ ಬಂತು. ಮಕ್ಕಳು ಅವಳನ್ನು ಗೊಂಬೆ ಎಂದು ಕರೆಯಲು ಶುರು ಮಾಡಿದ್ದರು. ತರಗತಿಯಲ್ಲಿ ಯಾರದೋ ಜಾಮಿಟ್ರಿ ಬಾಕ್ಸ್ ಕಳೆದಾಗ ಅವಳ ಬ್ಯಾಗನ್ನೇ ಮೊದಲು ತೆರೆಯಿಸಿದರು. ಅದು ಆಮೇಲೆ ಕಿಟಕಿಯ ಮೇಲೆ ಸಿಕ್ಕಿತು. ಪಕ್ಕದ ಮನೆಯವರು ಪುಟ್ಟ ಮಗುವನ್ನು ಇತ್ತ ಕಳಿಸುವುದನ್ನು ನಿಲ್ಲಿಸಿದರು. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಅವಳು ನಿರೂಪಕಿ ಆಗಬೇಕಿತ್ತು. ಅದನ್ನು ಬೇರೆ ಹುಡುಗಿಗೆ ಕೊಟ್ಟರು. "ಮಾತೇ ಆಡಲ್ಲ ಅಕ್ಕ. ಹಸಿವಾ ಅಂದ್ರೆ ಹೂಂ, ಸಾಕಾ ಅಂದ್ರೆ ಹೂಂ. ಏನ್ ಹೇಳಿದ್ರೂ ಯಾರೂ ನಂಬಲ್ಲ, ಯಾಕೆ ಹೇಳ್ಬೇಕು ಅಂತಾಳೆ," ಎಂದಳು ತಂಗಿ. ಇದಕ್ಕೂ ಸಿನಿಮಾಗಳೇ ಕಾರಣವೆಂದು ನಾನು ಇನ್ನೂ ನಂಬಿದ್ದೆ. ಪತ್ರಿಕೆಗೆ ಕಳಿಸಲು ಒಂದು ಲೇಖನವನ್ನೂ ಬರೆಯತೊಡಗಿದ್ದೆ.

ದೀಪಾವಳಿಯಾದ ಮೇಲಿನ ಒಂದು ಶನಿವಾರ ಮಧ್ಯಾಹ್ನ, ಹೇಳದೆ ಕೇಳದೆ, ಅಜ್ಜಿ ಮತ್ತು ಮೊಮ್ಮಗಳು ಶಿವಮೊಗ್ಗದಲ್ಲಿ ನನ್ನ ಮನೆಯ ಬಾಗಿಲಿಗೆ ಬಂದು ನಿಂತರು. ಹುಡುಗಿ ಅಜ್ಜಿಯ ಮೊಣಕೈ ಹಿಡಿದಿದ್ದಳು. ಹೊಸ್ತಿಲ ಹತ್ತಿರ, "ಅಜ್ಜಿ, ಮೆಟ್ಟಿಲು," ಎಂದಳು. ಆ ಒಂದು ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಂಡೆ.

"ಕಣ್ಣು ತೋರಿಸ್ಬೇಕು ಟೀಚರಮ್ಮ," ಎಂದರು ಅಜ್ಜಿ. "ಮನೇಲಿ ಹೇಳಿಲ್ಲ. ನಿಮ್ಮನೆಗೆ ಹೋಗ್ಬರ್ತೀವಿ ಅಂದ್ವಿ, ಅದು ಸುಳ್ಳಲ್ವಲ್ಲ."

ಕಣ್ಣಿನ ಆಸ್ಪತ್ರೆಯಲ್ಲಿ ಅವರ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂರಲು ಹೇಳಿದರು. ಪಾಪೆ ಹಿಗ್ಗುವವರೆಗೆ ಒಂದು ಗಂಟೆ. ಗೋಡೆಯ ಉದ್ದಕ್ಕೂ ಬೆಂಚಿನ ಮೇಲೆ ಹತ್ತಾರು ಮುದುಕರು ಮುದುಕಿಯರು ಕಣ್ಣು ಮುಚ್ಚಿಕೊಂಡು ಸಾಲಾಗಿ ಕುಳಿತಿದ್ದರು. ಅವರ ನಡುವೆ ಅಜ್ಜಿ, ಅಜ್ಜಿಯ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಹುಡುಗಿ.

"ರಾಣೀನ ಈ ಮಗು ಮುರಿದಿಲ್ಲ," ಎಂದರು ಅಜ್ಜಿ, ಕಣ್ಣು ಮುಚ್ಚಿಕೊಂಡೇ. "ನಾನೇ."

"ಅಜ್ಜಿ, ಸುಮ್ನಿರು," ಎಂದಳು ಹುಡುಗಿ.

"ನೀನ್ ಸುಮ್ನಿರೇ ಮಾರಾಯ್ತಿ. ಎಷ್ಟ್ ದಿನ ಸುಮ್ನಿದೀಯ, ಸಾಕು."

ಅವರು ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಎರಡು ವರ್ಷಗಳಿಂದ ಅವರ ಕಣ್ಣು ಮಸುಕಾಗುತ್ತ ಬಂದಿತ್ತು. ಮೊದಲು ಟಿ.ವಿ., ಆಮೇಲೆ ಅಕ್ಕಿಯಲ್ಲಿನ ಕಲ್ಲು, ಆಮೇಲೆ ಮನುಷ್ಯರ ಮುಖ. ಯಾರಿಗೂ ಹೇಳಲಿಲ್ಲ, ಹೇಳಿದರೆ ಒಲೆಯ ಹತ್ತಿರ ಬಿಡುವುದಿಲ್ಲ, ಮಾಡಲು ಉಳಿದಿರುವ ಕೆಲಸವೇ ಅದೊಂದು ಎಂಬ ಭಯ. ತಿಳಿದವಳು ಮೊಮ್ಮಗಳು ಒಬ್ಬಳೇ. ಸಿನಿಮಾವನ್ನು ಅವಳು ಕಿವಿಯಲ್ಲಿ ಹೇಳುತ್ತಿದ್ದುದು ಭಾಷೆಗಾಗಿ ಅಲ್ಲ. ಹಬ್ಬದ ಮೊದಲ ಸಂಜೆ ಅಜ್ಜಿ ಅವಳನ್ನು ಕೇಳಿದ್ದರು, ನಿಮ್ಮಮ್ಮ ರಾಣಿಗೆ ಕಣ್ಣು ಬರೆದಳೇ ಎಂದು. ಇಲ್ಲ ಅಜ್ಜಿ, ಮರೆತಿದ್ದಾಳೆ, ಮಾಸಿದ ಹಾಗೆಯೇ ಇದೆ ಎಂದಿದ್ದಳು ಹುಡುಗಿ. ಮರುದಿನ ಎಲ್ಲರೂ ಏಳುವ ಮುನ್ನ ಅಜ್ಜಿ ಕಾಡಿಗೆಯ ಡಬ್ಬಿ ಹಿಡಿದು ಮೆಟ್ಟಿಲಿನ ಬಳಿ ಹೋದರು. ರಾಣಿಯನ್ನು ಎತ್ತಿಕೊಂಡು ಬೆರಳಿನಿಂದ ತಡವಿ ತಡವಿ ಕಣ್ಣು ಬರೆದರು. ತಿರುಗಿ ಇಡುವಾಗ ಮೆಟ್ಟಿಲು ಸಿಗಲಿಲ್ಲ.

"ಕತ್ತಲ್ಲಿ ಮೊದ್ಲೇ ಬಿರುಕಿತ್ತು, ನಮ್ಮಮ್ಮನ ಕಾಲದ್ದು. ಬಿದ್ದ ಸದ್ದು ಕೇಳಿಸ್ತು. ನೆಲ ಎಲ್ಲ ತಡಕಿದೆ, ತಲೆ ಸಿಗ್ಲೇ ಇಲ್ಲ."

"ನಾನು ಎಚ್ಚರ ಇದ್ದೆ," ಎಂದಳು ಹುಡುಗಿ. ಹಾಲಿನಲ್ಲಿ ಅಜ್ಜಿಯ ಪಕ್ಕದಲ್ಲೇ ಅವಳ ಹಾಸಿಗೆ. "ತಲೆ ನನ್ ದಿಂಬಿನ ಹತ್ರ ಉರುಳಿ ಬಂದಿತ್ತು. ಎದ್ರೆ ಅಜ್ಜಿಗೆ ನಾಚಿಕೆ ಆಗುತ್ತೆ ಅಂತ ಮಲಗಿದ್ದೆ."

"ಮಗನಿಗೆ ಹೇಳ್ಬಹುದಿತ್ತಲ್ಲ ಅಜ್ಜಿ? ವಯಸ್ಸಾದ್ಮೇಲೆ ಕಣ್ಣು ಮಂಜಾಗೋದು ತಪ್ಪಾ?" ಎಂದೆ.

"ಕಣ್ಣಿನ ಮಾತಲ್ಲ ಟೀಚರಮ್ಮ." ಅಜ್ಜಿ ಸೆರಗನ್ನು ಎಳೆದುಕೊಂಡರು. "ನಾನು ರಾಣೀನ ಮುಟ್ಟಬಾರ್ದಿತ್ತಲ್ಲ. ಅವ್ರು ಹೋದ್ಮೇಲೆ."

ಯಾರು ಹಾಗೆಂದರು ಎಂದು ಕೇಳಿದೆ. ಯಾರೂ ಅನ್ನಲಿಲ್ಲ. ಗಂಡ ತೀರಿದ ವರ್ಷದ ನವರಾತ್ರಿಯಲ್ಲಿ ಅವರು ಎಂದಿನಂತೆ ಟ್ರಂಕು ತೆರೆಯಲು ಹೋದಾಗ, ನನ್ನ ತಂಗಿ ಓಡಿ ಬಂದು, ಬಹಳ ವಿನಯದಿಂದ, "ನೀವು ಕೂತ್ಕೊಳ್ಳಿ ಅತ್ತೆ, ನಾನ್ ಮಾಡ್ತೀನಿ," ಎಂದಳು. ಒಂದು ಕುರ್ಚಿಯನ್ನು ತಂದು ಮೂಲೆಯಲ್ಲಿ ಹಾಕಿದಳು. ಅಷ್ಟೇ. "ಕೂತೆ. ಒಂಬತ್ ದಿನಾನೂ ಕೂತೆ. ಆರತಿ ಹೊತ್ತಿಗೆ ಒಳಗ್ ಹೋದೆ. ಅದಕ್ಕೇ ನಂಗೆ ಆ ಸಿನಿಮಾದ ಗೊಂಬೆ ಇಷ್ಟ ಆಗಿದ್ದು. ಅದನ್ನ ಎಲ್ಲಿ ಕೂರಿಸಿದ್ರೂ ಎದ್ದು ಬರುತ್ತೆ. ಕೊಲ್ಲೋದು ತಪ್ಪೇ ಬಿಡಿ. ಎದ್ದು ಬರೋದು ಮಾತ್ರ ನೋಡೋಕೆ ಚೆಂದ."

ವಿಧವೆಯರನ್ನು ಶುಭಕಾರ್ಯಗಳಿಂದ ಹೊರಗಿಡುವ ಅನಿಷ್ಟದ ವಿರುದ್ಧ ನಾನು ಎಷ್ಟು ಸಭೆಗಳಲ್ಲಿ ಮಾತಾಡಿದ್ದೇನೆ! ಆ ಎರಡು ನವರಾತ್ರಿಗಳಲ್ಲಿಯೂ ನಾನು ತಂಗಿಯ ಮನೆಗೆ ಹೋಗಿ, ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿಯ ಪಕ್ಕದಲ್ಲೇ ನಿಂತು ಚಕ್ಕುಲಿ ತಿಂದಿದ್ದೆ. ತಪ್ಪಿಗೊಂದು ಗಟ್ಟಿ ದನಿಯಿದ್ದರೆ, ಕೆಟ್ಟ ಮುಖವಿದ್ದರೆ ಮಾತ್ರ ಅದು ನನಗೆ ತಪ್ಪೆಂದು ಕಾಣುತ್ತಿತ್ತು. ವಿನಯದಿಂದ ಕುರ್ಚಿ ತಂದು ಹಾಕುವ ತಪ್ಪು ಕಾಣಲಿಲ್ಲ. ಟಿ.ವಿ.ಯ ಪರದೆಯಲ್ಲಿ ಮನೆಗೆಲಸದವಳ ಸಾವನ್ನು ಗುರುತಿಸಿದ ಕಣ್ಣಿಗೆ, ಅದೇ ಕೋಣೆಯಲ್ಲಿ ಪರದೆಯನ್ನು ಕಾಣಲಾಗದೆ ಕುಳಿತಿದ್ದ ಹೆಂಗಸು ಕಾಣಲಿಲ್ಲ.

ನಾನು ಹುಡುಗಿಯತ್ತ ತಿರುಗಿದೆ. "ನಂಗಾದ್ರೂ ಹೇಳ್ಬಹುದಿತ್ತಲ್ಲ ಪುಟ್ಟ. ನಾನು ಕೇಳಿದ್ನಲ್ಲ."

"ನೀವು ಕೇಳ್ಲಿಲ್ಲ ದೊಡ್ಡಮ್ಮ," ಎಂದಳು ಅವಳು. ಸಿಟ್ಟಿರಲಿಲ್ಲ, ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸುವ ಹಾಗಿತ್ತು. "ನೀವು ಮಾಡಿದ್ಯಾ ಅಂತ ಕೇಳ್ಲಿಲ್ಲ. ಯಾಕೆ ಮಾಡ್ದೆ ಅಂತ ಕೇಳಿದ್ರಿ. ಅಪ್ಪನೂ ಅಷ್ಟೇ ಕೇಳಿದ್ದು, ಜೋರಾಗಿ."

ಬೆಂಚಿನ ಮೇಲಿನ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡೇ ಇತ್ತ ಕಿವಿಗೊಟ್ಟಿದ್ದರು. ನಾನು ತಲೆ ತಗ್ಗಿಸಿದೆ. ಹೊಡೆಯಲು ಎತ್ತಿದ ತಂದೆಯ ಕೈಯನ್ನೂ ನನ್ನ ಮೃದುವಾದ ಪ್ರಶ್ನೆಯನ್ನೂ ಆ ಮಗು ಒಂದೇ ಸಾಲಿನಲ್ಲಿ ಇಟ್ಟಿತ್ತು. ಹಾಗೆ ಇಡಲು ಅದಕ್ಕೆ ಕಾರಣವಿತ್ತು. ಅವನು ಮನೆಯ ನಾಲ್ಕು ಗೋಡೆಯ ಒಳಗೆ ಕೂಗಾಡಿದ. ನಾನು ಶಾಲೆಯ ಧ್ವನಿವರ್ಧಕದಲ್ಲಿ ಅವಳನ್ನು ಕ್ಷಮಿಸಿದೆ, ಅವಳು ಮಾಡದ ತಪ್ಪಿಗೆ.

"ನಾಳೇನೇ ಶಾಲೆಗೆ ಹೋಗಿ ನಡೆದದ್ದನ್ನ ಹೇಳ್ತೀನಿ," ಎಂದೆ.

"ಹೇಳಿ. ನನ್ನ ಹೆಸರೂ ಹೇಳಿ. ಈ ಮಗು ಹೆಸರು ತೊಳೆದ್ರೆ ಸಾಕು," ಎಂದರು ಅಜ್ಜಿ.

"ನಾಳೆ ಭಾನುವಾರ ದೊಡ್ಡಮ್ಮ," ಎಂದಳು ಹುಡುಗಿ. "ಅಜ್ಜಿ ಹೆಸರು ಹೇಳೋದಾದ್ರೆ ಸೋಮವಾರಾನೂ ಬೇಡ. ಅಮ್ಮಂಗೆ ಗೊತ್ತಾಗುತ್ತೆ. ಶಾಲೆ ಹುಡುಗ್ರೆಲ್ಲ ಅಜ್ಜಿ ಹಿಂದೆ ಬರ್ತಾರೆ, ಕುರುಡಜ್ಜಿ ಅಂತಾರೆ. ನಾನು ಮಾಡಿಲ್ಲ ಅಂತಷ್ಟೇ ಹೇಳಿ."

"ಯಾರು ಮಾಡಿದ್ದು ಅಂತ ಹೇಳ್ದೆ ಇದ್ರೆ ನಂಬ್ತಾರಾ?"

"ಅದು ನಿಮ್ ಕೆಲಸ."

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದೊಂದಾಗಿ ತೆಗೆಯೋಣ ಎಂದರು. ಶಸ್ತ್ರಚಿಕಿತ್ಸೆಯಾಗಿ, ಮಗ ಸೊಸೆಯ ಮುಖಗಳು ಮತ್ತೆ ಕಂಡ ಮೇಲೆ ಅಜ್ಜಿ ತಾವಾಗಿಯೇ ಅವರಿಗೆ ಎಲ್ಲವನ್ನೂ ಹೇಳಿದರು. ಮುಂದಿನ ನವರಾತ್ರಿಯಲ್ಲಿ ತಂಗಿ, ಬಡಗಿಯಿಂದ ಕತ್ತು ಕೂಡಿಸಿಕೊಂಡು ಬಂದ ರಾಣಿಯನ್ನೂ ಕಾಡಿಗೆಯ ಡಬ್ಬಿಯನ್ನೂ ಅತ್ತೆಯ ಮುಂದೆ ಇಟ್ಟಳು. "ಬರೀರಿ, ಹೆಸರು ಬೇಡ," ಎಂದು ಅಜ್ಜಿ ಅನುಮತಿ ಕೊಟ್ಟದ್ದರಿಂದಲೇ ಈಗ ನಾನು ಬರೆಯುತ್ತಿರುವುದು. ಆದರೆ ಆ ಸೋಮವಾರ ಅದೆಲ್ಲವೂ ಇನ್ನೂ ಗುಟ್ಟಾಗಿತ್ತು. ಆ ಗುಟ್ಟನ್ನು ಎದೆಯಲ್ಲಿಟ್ಟುಕೊಂಡೇ ನಾನು ಬೆಳಗಿನ ಬಸ್ಸು ಹಿಡಿದು ಶಾಲೆಗೆ ಹೋದೆ.

ಅರ್ಧ ಸತ್ಯವನ್ನು ಹೇಳಿ ನನಗೆ ಅಭ್ಯಾಸವಿಲ್ಲ. ದಾರಿಯುದ್ದಕ್ಕೂ ವಾಕ್ಯಗಳನ್ನು ಕಟ್ಟಿದೆ, ಕೆಡವಿದೆ. ಅಜ್ಜಿಯನ್ನು ಮೂಲೆಗೆ ಕೂರಿಸಿದ ಪದ್ಧತಿಯನ್ನು ಹೆಸರಿಟ್ಟು ಕರೆಯಬೇಕೆಂದು ನಾಲಿಗೆ ತುರಿಸುತ್ತಿತ್ತು. ಅದನ್ನು ಹೇಳಿದರೆ ಆ ಮಗು ಇಷ್ಟು ದಿನ ಗೊಂಬೆ ಎಂದು ಕರೆಸಿಕೊಂಡು ಕಾಪಾಡಿದ್ದನ್ನು ನಾನು ಒಂದು ಭಾಷಣಕ್ಕೆ ಚೆಲ್ಲಿಬಿಡುತ್ತೇನೆ ಎಂದು ಮನಸ್ಸು ತಡೆಯುತ್ತಿತ್ತು. ಇದು ನನ್ನ ವಿಚಾರಗಳ ಪರೀಕ್ಷೆಯಲ್ಲ, ಅವಳ ಮಾತಿಗೆ ಬೆಲೆ ಮರಳುತ್ತದೆಯೋ ಇಲ್ಲವೋ ಎಂಬುದಷ್ಟೇ ಇಂದಿನ ವಿಷಯ ಎಂದು ಮತ್ತೆ ಮತ್ತೆ ಹೇಳಿಕೊಂಡೆ.

ಪ್ರಾರ್ಥನೆ ಮುಗಿದ ಮೇಲೆ ಮೈಕು ಹಿಡಿದು ನಿಂತು, ಅವಳು ಒಪ್ಪಿದ್ದರಿಂದ ಈ ಸಲ, ಇಲ್ಲಿ ಬರೆಯದ ಅವಳ ಹೆಸರನ್ನು ಹಿಡಿದೇ ಹೇಳಿದೆ. "ಹೋದ ಸಲ ನಾನು ಇಲ್ಲಿ ಒಂದು ಕತೆ ಹೇಳಿದೆ. ಅದು ನಿಜವಲ್ಲ. ಈ ಹುಡುಗಿ ಆ ಗೊಂಬೆಯನ್ನು ಮುಟ್ಟಿರಲಿಲ್ಲ. ಮುಟ್ಟಿಲ್ಲ ಎಂದು ಅವಳು ಹೇಳಿದಳು. ನಾನು ನಂಬಲಿಲ್ಲ, ವಿಚಾರಿಸಲೂ ಇಲ್ಲ. ದೊಡ್ಡವಳಾದ ನಾನು ಸುಳ್ಳು ಹೇಳಿದೆ, ಚಿಕ್ಕವಳಾದ ಅವಳು ನಿಜ ಹೇಳಿದಳು. ನಿಮ್ಮೆಲ್ಲರ ಮುಂದೆ ಅವಳ ಕ್ಷಮೆ ಕೇಳುತ್ತೇನೆ."

ಒಬ್ಬರು ಮೇಡಂ ಇಷ್ಟು ಎತ್ತರದಿಂದ ಕ್ಷಮೆ ಕೇಳುವುದನ್ನು ಆ ಮಕ್ಕಳು ಮೊದಲು ನೋಡಿರಲಿಕ್ಕಿಲ್ಲ. ಆಮೇಲೆ ಐದನೆಯ ತರಗತಿಯ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಹಂಗಾದ್ರೆ ಯಾರು ಮಾಡಿದ್ದು ಮಿಸ್?"

"ಅದನ್ನು ನಾನು ಹೇಳುವುದಿಲ್ಲ."

"ಮನೇಲಿ ಇರೋರು ಯಾರೂ ಮಾಡಿಲ್ವಾ?"

"ಅದನ್ನೂ ಹೇಳುವುದಿಲ್ಲ," ಎಂದೆ. ಹಿಂದಿನ ಸಾಲಿನಿಂದ ಒಂದು ದನಿ ಕಿರುಚಿತು: "ಗೊಂಬೆನೇ ಕಣ್ರೋ! ಅದೇ ಎದ್ದಿದ್ದು!"

ಇಡೀ ಅಂಗಳ ನಗೆಯಲ್ಲಿ, ಕೂಗಿನಲ್ಲಿ ಮುಳುಗಿತು. ಆದರೆ ಈ ಬಾರಿ ತಲೆಗಳು ತಿರುಗಿದ ರೀತಿ ಬೇರೆ ಇತ್ತು. ಅವಳ ಪಕ್ಕದ ಹುಡುಗಿ ತೋಳು ಹಿಡಿದು ಜಗ್ಗುತ್ತಿದ್ದಳು. "ಹೌದೇನೇ? ನೀನ್ ನೋಡಿದ್ಯೇನೇ?"

ಅವಳು ವೇದಿಕೆಯ ಕಡೆ, ನನ್ನ ಕಡೆ ನೋಡಿದಳು. ಜಡವಸ್ತುವಿಗೆ ಜೀವ ಬರುವುದಿಲ್ಲವೆಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಮೈಕು ಇನ್ನೂ ನನ್ನ ಬಾಯಿಯ ಹತ್ತಿರವೇ ಇತ್ತು. ನಾನು ಅದನ್ನು ಮುಖ್ಯ ಶಿಕ್ಷಕಿಯ ಕೈಗೆ ಕೊಟ್ಟೆ.

"ನೋಡ್ದೆ," ಎಂದಳು ಹುಡುಗಿ. "ತಲೆ ನನ್ ದಿಂಬಿನ ಹತ್ರಾನೇ ಉರುಳ್ಕೊಂಡ್ ಬಂತು. ಊಟಕ್ಕ್ ಬಿಟ್ಟಾಗ ಹೇಳ್ತೀನಿ."

ಆಫೀಸಿನಲ್ಲಿ ಕಾಫಿ ತರಿಸಿ ಮುಖ್ಯ ಶಿಕ್ಷಕಿ ಬೇಸರದಿಂದ, "ನೀವು ಅಲ್ಲೇ ತಿದ್ದಬೇಕಿತ್ತಲ್ಲ ಮೇಡಂ? ಇನ್ನು ಊರೆಲ್ಲ ದೆವ್ವದ ಗೊಂಬೆ ಅಂತ ಶುರುವಾಗುತ್ತೆ. ನೀವೇ ಹಿಂಗ್ ಬಿಟ್ರೆ?" ಎಂದರು.

"ಇವತ್ತು ಬೇಡ," ಎಂದೆ.

ಬೆಳಗೆಲ್ಲ ಆಫೀಸಿನಲ್ಲೇ ಕಳೆದು, ಊಟದ ಗಂಟೆ ಹೊಡೆದಾಗ ನಾನು ಗೇಟಿನ ಹತ್ತಿರ ಆಟೋ ಕಾಯುತ್ತಿದ್ದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ಅವಳು ಕುಳಿತಿದ್ದಳು. ಸುತ್ತ ಇಪ್ಪತ್ತು, ಮೂವತ್ತು ಮಕ್ಕಳು, ತಟ್ಟೆಯಲ್ಲಿ ಅನ್ನ ಸಾರು ಆರುತ್ತಿದ್ದರೂ ಲೆಕ್ಕಿಸದೆ. ಅವಳು ಧ್ವನಿ ತಗ್ಗಿಸಿದಳೆಂದು ಕಾಣುತ್ತದೆ, ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿದರು. ಅವಳು ಏನು ಹೇಳುತ್ತಿದ್ದಳೆಂದು ನನಗೆ ಕೇಳಿಸಲಿಲ್ಲ. ಅವರೆಲ್ಲ ನಂಬುತ್ತಿದ್ದರೆಂಬುದು ಮಾತ್ರ ಅಷ್ಟು ದೂರದಿಂದಲೂ ಕಾಣುತ್ತಿತ್ತು.